ಫ್ಲೋರೋಕಾರ್ಬನ್ ದಾರಕ್ಕೆ ಯಾವ ಗಂಟು? ಒಂದು ಬಕೆಟ್ ನೀರು ಕಲಿಸಿದ ಪಾಠ

ಹೋದ ವರ್ಷ ಒಂದೇ ಸೀಸನ್ನಿನಲ್ಲಿ 11 ಲೂರ್ (ಮೀನನ್ನು ಸೆಳೆಯುವ, ಗಾಳ ಕಟ್ಟಿದ ನಕಲಿ ಮೀನು) ಕಳೆದುಕೊಂಡೆ. ಒಂದೊಂದಕ್ಕೂ 600, 700 ರೂಪಾಯಿ. ಒಂದಂತೂ ಸಾವಿರದ ಮೇಲೆ. ಎಲ್ಲ ಸೇರಿ 8,000 ಹತ್ತಿರ ಹತ್ತಿರ ನೀರುಪಾಲು. ಕಲ್ಲಿಗೆ ಸಿಕ್ಕಿ ಹೋದದ್ದು ನಾಲ್ಕೋ ಐದೋ ಇರಬಹುದು. ಉಳಿದದ್ದೆಲ್ಲ ಮೀನು ಕಚ್ಚಿದ ಮೇಲೆ, ಫ್ಲೋರೋಕಾರ್ಬನ್ ದಾರದ ಗಂಟಿನ ಹತ್ತಿರವೇ ಹೋದದ್ದು.

ನಾನು ಗಾಳ ಹಾಕುವುದು ಹೆಚ್ಚಾಗಿ ಕುಂದಾಪುರ, ಗಂಗೊಳ್ಳಿ ಅಳಿವೆಯಲ್ಲಿ. ಕುದ್ರುಗಳ (ನದಿ ನಡುವಿನ ನಡುಗಡ್ಡೆ) ಸುತ್ತ, ಕಾಂಡ್ಲಾ ಗಿಡಗಳ ಬೇರಿನ ಅಂಚಿನಲ್ಲಿ, ಸೇತುವೆಯ ಕಂಬಗಳ ಬುಡದಲ್ಲಿ. ಅಲ್ಲಿ ಕೆಂಬೇರಿ ಮೀನು ಕಚ್ಚಿದರೆ ಮೊದಲ ಮೂರು ಸೆಕೆಂಡಿನಲ್ಲೇ ಆಟ ಮುಗಿಯುತ್ತದೆ. ಅದು ಸೀದಾ ಕಲ್ಲಿನೊಳಗೆ ನುಗ್ಗುತ್ತದೆ. ರೀಲಿನ ಬ್ರೇಕಿನಂಥ ಡ್ರ್ಯಾಗ್ ಬಿಗಿಯಾಗಿಯೇ ಇಡಬೇಕು, ಬೇರೆ ದಾರಿಯೇ ಇಲ್ಲ. ಆ ಮೂರು ಸೆಕೆಂಡು ಗಂಟು ತಡೆದರೆ ಮೀನು ನಮ್ಮದು.

ದೋಣಿಯವರು ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದರು. "ಆ ದಾರ ಬಿಡಿ ಮೇಷ್ಟ್ರೆ. ನಮ್ ನೈಲಾನ್ ಎಂತ ಕಮ್ಮಿ ಆಯ್ತ್ ನಿಮ್ಗೆ?" ಜೊತೆಗೆ ಬರುವ ಗೆಳೆಯರದ್ದೂ ಅದೇ ರಾಗ. ಫ್ಲೋರೋಕಾರ್ಬನ್ ಅಂದರೆ ದುಬಾರಿ, ಗಂಟು ನಿಲ್ಲುವುದಿಲ್ಲ, ಸುಮ್ನೆ ದುಡ್ಡು ದಂಡ. ಆದರೆ ಕಂಬಕ್ಕೆ ಅಂಟಿದ ಸಿಂಪಿಗೆ ನೈಲಾನ್ ಲೀಡರ್ (ಲೂರಿನ ಮುಂದೆ ಕಟ್ಟುವ ದಾರದ ತುಂಡು) ಎಷ್ಟು ಸಲ ತರಚಿ ಹೋಗಿದೆ ಅಂತ ನನಗೆ ಗೊತ್ತು. ನೈಲಾನ್ ನೀರು ಕುಡಿದು ಮೆತ್ತಗಾಗುತ್ತದೆ, ಫ್ಲೋರೋಕಾರ್ಬನ್ ಆಗುವುದಿಲ್ಲ. ಜಪಾನಿನ ಕುರೇಹಾ ಕಂಪನಿ ಇದನ್ನು ಸೀಗರ್ ಹೆಸರಿನಲ್ಲಿ ಮಾರುಕಟ್ಟೆಗೆ ತಂದದ್ದು 1971ರಲ್ಲಿ. ಐವತ್ತು ವರ್ಷದಿಂದ ಜನ ಇದಕ್ಕೆ ಗಂಟು ಹಾಕಿ ಮೀನು ಹಿಡಿಯುತ್ತಿದ್ದಾರೆ. ಹಾಗಾದರೆ ತಪ್ಪು ದಾರದ್ದಲ್ಲ, ನನ್ನ ಗಂಟಿನದ್ದು ಅಲ್ವಾ?

ಮೊದಲು ಮಾಡಿದ ಕೆಲಸ ಅಂದರೆ ತುಂಡಾದ ತುದಿಗಳನ್ನು ಎಸೆಯದೆ ಮನೆಗೆ ತಂದದ್ದು. ಒಂದು ಹಳೆಯ ಬೆಂಕಿಪೊಟ್ಟಣದಲ್ಲಿ ಹಾಕಿಟ್ಟೆ. ಅಮ್ಮ ಪೇಪರ್ ಓದಲು ಇಟ್ಟುಕೊಂಡ ಭೂತಗನ್ನಡಿ ತಗೊಂಡು, ಟಾರ್ಚ್ ಬೆಳಕಿನಲ್ಲಿ ಒಂದೊಂದನ್ನೇ ನೋಡಿದೆ. ಎರಡು ಜಾತಿ ಕಂಡವು. ಕೆಲವು ತುದಿ ಹಂದಿಬಾಲದ ಹಾಗೆ ಸುರುಳಿ ಸುತ್ತಿಕೊಂಡಿದ್ದವು. ಅಂದರೆ ಗಂಟು ಜಾರಿ ಬಿಚ್ಚಿಕೊಂಡಿದೆ, ದಾರ ತುಂಡಾಗಿಯೇ ಇಲ್ಲ. ಇನ್ನು ಕೆಲವು ನೆಟ್ಟಗೆ ಇದ್ದವು, ಆದರೆ ತುದಿಯ ಹತ್ತಿರ ಬೆಳ್ಳಗಾಗಿ, ಚಪ್ಪಟೆಯಾಗಿ, ಉಗುರಿಗೆ ತರಿತರಿ ಸಿಗುತ್ತಿತ್ತು. ಅವು ಬಿಗಿ ಮಾಡುವಾಗಲೇ ಉಜ್ಜಿ, ಬಿಸಿಯಾಗಿ ಸತ್ತ ದಾರ. ಆವತ್ತೇ ಅರ್ಧ ವಿಷಯ ಅರ್ಥವಾಯಿತು. ಒಂದಕ್ಕೆ ಸುತ್ತು ಸರಿ ಕೂತಿಲ್ಲ, ಇನ್ನೊಂದಕ್ಕೆ ಅವಸರ ಜಾಸ್ತಿ.

ಮಳೆಗಾಲದಲ್ಲಿ, ಬೋಟುಗಳೆಲ್ಲ ದಡದಲ್ಲಿದ್ದ ಜೂನ್, ಜುಲೈಯಲ್ಲಿ, ಹಿಂದಿನ ಜಗಲಿಯಲ್ಲಿ ಪರೀಕ್ಷೆಗೆ ಕೂತೆ. ಮಾಡಿನ ಕೆಳಗಿನ ಕಬ್ಬಿಣದ ಪೈಪಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿ, ಅದರ ಮೇಲೆ ದಾರವನ್ನು ಆರು ಏಳು ಸುತ್ತು ಹಾಕಿ ಕಟ್ಟಿದೆ. ಮೇಲಿನ ತುದಿಗೆ ಹೀಗೆ ಮಾಡದಿದ್ದರೆ ಯಾವ ಗಂಟು ಹೋಯಿತು ಅಂತಲೇ ತಿಳಿಯುವುದಿಲ್ಲ. ಕೆಳಗೆ ಗಾಳ, ಗಾಳಕ್ಕೆ ಬಕೆಟ್, ಬಕೆಟ್ಟಿನ ಅಡಿಗೆ ಹಳೆ ಗೋಣಿ. ಒಂದು ಲೀಟರಿನ ಮಗ್ಗಿನಲ್ಲಿ ನಿಧಾನವಾಗಿ ನೀರು ಹಾಕುತ್ತಾ ಹೋಗುವುದು. ಒಂದು ಲೀಟರ್ ಅಂದರೆ ಒಂದು ಕಿಲೋ, ಲೆಕ್ಕ ಸಲೀಸು. ಬಕೆಟ್ಟಿನದ್ದೇ ಮುಕ್ಕಾಲು ಕಿಲೋ ಸೇರಿಸಬೇಕು. ಬಳಸಿದ್ದು 20 ಪೌಂಡಿನ ದಾರ, ಅಂದರೆ ಸುಮಾರು 9 ಕಿಲೋ. 50 ಮೀಟರಿನ ಎರಡು ಸ್ಪೂಲ್ ಖಾಲಿಯಾಯಿತು, 2,200 ರೂಪಾಯಿ ಹೋಯಿತು. ಮನೆಯಲ್ಲಿ ಮಾತು ಕೇಳಬೇಕಾಯಿತು. ಆದರೆ ಮೂರು ಲೂರಿನ ದುಡ್ಡು ಅದು, ನನಗೆ ಬೇಸರವಿಲ್ಲ. 140 ಗಂಟಾದರೂ ಕಟ್ಟಿ ಹರಿದಿದ್ದೇನೆ.

ಆರು ಸುತ್ತಿನ ಇಂಪ್ರೂವ್ಡ್ ಕ್ಲಿಂಚ್ ಗಂಟು 5ರಿಂದ ಐದೂವರೆ ಕಿಲೋಗೆ ಹೋಗುತ್ತಿತ್ತು, ಹೆಚ್ಚಿನ ಸಲ ಹಂದಿಬಾಲ. ಹದಿನೈದು ವರ್ಷದಿಂದ ನೈಲಾನಿಗೆ ಇದನ್ನೇ ಹಾಕಿದವನು ನಾನು, ಕೈಗೆ ಅದೇ ಅಭ್ಯಾಸ. ಅವತ್ತಿನಿಂದ ಬಿಟ್ಟೆ. ದಾರ ಮಡಚಿ ಎರಡೆಳೆಯಲ್ಲಿ ಹಾಕುವ ಪಾಲೋಮರ್ ಗಂಟಿನ ಬಗ್ಗೆ ಬಹಳ ಹೊಗಳಿಕೆ ಕೇಳಿದ್ದೆ. ಒಂದು ಗಂಟು 8 ಕಿಲೋ ದಾಟಿತು. ಅದರ ಮರುಗಂಟು 5ಕ್ಕೇ ಟಪ್ ಅಂತ ಹೋಯಿತು. ಮತ್ತೆ 8. ಮತ್ತೆ 6. ಎರಡೆಳೆ ದಾರ ಬಿಗಿಯಾಗುವಾಗ ಒಂದರ ಮೇಲೊಂದು ಹತ್ತಿ ಕೂತರೆ ಅಡಿಯ ಎಳೆಯನ್ನು ಮೇಲಿನದು ಕೊಯ್ಯುತ್ತದೆ. ದಾರ ಮೆತ್ತಗಿದ್ದರೆ ಸರಿದು ಜಾಗ ಮಾಡಿಕೊಳ್ಳುತ್ತದೆ, ಇದು ಬಿರುಸು, ಸರಿಯುವುದಿಲ್ಲ. ಹಗಲು ಬೆಳಕಿನಲ್ಲಿ, ಕೂತು ಕಟ್ಟಿದರೆ ಪಾಲೋಮರ್ ಚೆನ್ನ. ಕತ್ತಲಲ್ಲಿ, ದೋಣಿ ಅಲ್ಲಾಡುವಾಗ ನಾನು ನಂಬುವುದಿಲ್ಲ. ಅದೂ ಅಲ್ಲದೆ ಮೂರು ಗಾಳದ ದೊಡ್ಡ ಲೂರನ್ನು ಆ ಕುಣಿಕೆಯೊಳಗಿಂದ ದಾಟಿಸುವುದು ಸುಲಭವಲ್ಲ.

ಇಲ್ಲಿ ನನಗೆ ಹೊಳೆದದ್ದನ್ನು ಒತ್ತಿ ಹೇಳುತ್ತೇನೆ. ಗಂಟಿನ ಅತಿ ಹೆಚ್ಚು ಬಲ ನೋಡಬೇಡಿ, ಸರಾಸರಿಯನ್ನೂ ನೋಡಬೇಡಿ. ಹತ್ತು ಸಲ ಕಟ್ಟಿ, ಅದರಲ್ಲಿ ಅತಿ ಕಳಪೆ ಎಷ್ಟಕ್ಕೆ ಹೋಯಿತು ಅಂತ ನೋಡಿ. ಕೆಂಬೇರಿ ಕಚ್ಚುವುದು ನಿಮ್ಮ ಒಳ್ಳೆಯ ಗಂಟಿಗೇ ಅಂತ ಏನೂ ಇಲ್ಲ.

ಹಾಗೆ ನೋಡಿದಾಗ ಗೆದ್ದದ್ದು ಎರಡು. ಸ್ಯಾನ್ ಡಿಯಾಗೋ ಜ್ಯಾಮ್, ಐದು ಸುತ್ತು. ಅತಿ ಕಳಪೆ ಅಂದರೂ ಏಳೂವರೆ, ಹೆಚ್ಚಿನವು 8 ದಾಟಿದವು. ಎರಡನೆಯದು ಯೂನಿ, ಆದರೆ ನಾಲ್ಕೇ ಸುತ್ತು. ಅತಿ ಕಳಪೆ 7. ಎಲ್ಲರೂ ನನ್ನನ್ನು ನಂಬದೆ ಇದ್ದದ್ದು ಈ ನಾಲ್ಕು ಸುತ್ತಿನ ವಿಷಯಕ್ಕೇ. "ಸುತ್ತು ಜಾಸ್ತಿ ಹಾಕಿದಷ್ಟೂ ಗಟ್ಟಿ" ಅನ್ನುವುದು ನಮ್ಮಲ್ಲಿ ಎಲ್ಲರ ನಂಬಿಕೆ. ನಾನು ಏಳು ಸುತ್ತಿನ ಯೂನಿಯನ್ನೂ ಹಾಕಿ ನೋಡಿದೆ. ಸುತ್ತುಗಳು ಪೂರ್ತಿ ಕೂರುವುದೇ ಇಲ್ಲ. ಮೇಲಿನ ಎರಡು ಬಿಗಿ, ಕೆಳಗಿನವು ಸಡಿಲ. ಮೀನು ಎಳೆದಾಗ ಆ ಸಡಿಲವೆಲ್ಲ ಒಮ್ಮೆಲೇ ಓಡಿ, ಉಜ್ಜಿ, ಬಿಸಿಯಾಗುತ್ತದೆ. 40 ಪೌಂಡಿನ ದಪ್ಪ ಲೀಡರಿಗೆ ನಾನು ಈಗ ಮೂರೇ ಸುತ್ತು ಹಾಕುತ್ತೇನೆ, ಇಕ್ಕಳದಲ್ಲಿ ಬಾಲ (ಗಂಟಿನಿಂದ ಹೊರಬಂದ ತುದಿ) ಹಿಡಿದು ಎಳೆಯುತ್ತೇನೆ.

ಗಂಟಿನ ಹೆಸರಿಗಿಂತ ಬಿಗಿ ಮಾಡುವ ರೀತಿ ದೊಡ್ಡದು. ಯೂನಿಯನ್ನು ಮೇಲೆಯೇ ಗಟ್ಟಿ ಮಾಡಿ, ಆಮೇಲೆ ಗಾಳದ ಕಣ್ಣಿನವರೆಗೆ ಸರ್ ಅಂತ ಜಾರಿಸುತ್ತೇವಲ್ಲ, ಅದೇ ಮೋಸ. ಅಷ್ಟು ಉದ್ದ ದಾರದ ಮೇಲೆ ಗಂಟು ಉಜ್ಜಿಕೊಂಡು ಬರುತ್ತದೆ. ನಾನು ಅರೆಸಡಿಲ ಇರುವಾಗಲೇ ಗಾಳದ ಕಣ್ಣಿನ ಹತ್ತಿರ ತಂದು ಬಿಡುತ್ತೇನೆ. ಬಾಯಲ್ಲಿ ಚೆನ್ನಾಗಿ ಒದ್ದೆ ಮಾಡುತ್ತೇನೆ. ಮೊದಲು ಬಾಲ ಎಳೆದು ಸುತ್ತುಗಳನ್ನು ಸಾಲಾಗಿ ಕೂರಿಸುತ್ತೇನೆ, ಆಮೇಲೆ ಮೂಲ ದಾರವನ್ನು, ಐದರವರೆಗೆ ಎಣಿಸುವಷ್ಟು ನಿಧಾನಕ್ಕೆ. ಕೊನೆಗೆ ಗಂಟಿನ ಮೇಲಿನ ಒಂದಿಂಚು ದಾರವನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ಸ್ವಲ್ಪ ಸುರುಟಿದ್ದರೂ, ಬೆಳ್ಳಗಾಗಿದ್ದರೂ ಕತ್ತರಿಸಿ ಮತ್ತೆ ಕಟ್ಟುವುದೇ. ಬಾಲವನ್ನು ಮೂರು ಮಿಲಿಮೀಟರ್ ಬಿಡುತ್ತೇನೆ, ಬುಡಕ್ಕೆ ಕತ್ತರಿಸುವುದಿಲ್ಲ. ಬಾಲ ಎಳೆಯುವಾಗ ಬೆರಳಿನಲ್ಲಿ ಮಾಡುವ ಇನ್ನೊಂದು ಸಣ್ಣ ಕೆಲಸವಿದೆ. ಅದು ನನಗೆ ಎರಡು ತಿಂಗಳ ಗಳಿಕೆ, ಇಲ್ಲಿ ಬರೆಯುವುದಿಲ್ಲ.

ನಡುವೆ ಬೇರೆ ಬೇರೆ ಪ್ರಯೋಗಕ್ಕೂ ಕೈ ಹಾಕಿದೆ. ಎಂಜಲಿನ ಬದಲು ತೆಂಗಿನೆಣ್ಣೆ ಹಚ್ಚಿದೆ. ಬಿಗಿ ಮಾಡುವುದು ಬೆಣ್ಣೆಯ ಹಾಗೆ ಸಲೀಸು, ಆದರೆ ಬಕೆಟ್ ಅರ್ಧ ತುಂಬುವಾಗ ಗಂಟು ಮೆಲ್ಲಗೆ ಜಾರತೊಡಗಿತು. ಫೆವಿಕ್ವಿಕ್ ಒಂದು ಹನಿ ಹಾಕಿದೆ. ತೂಕ ನಿಧಾನಕ್ಕೆ ಏರಿಸಿದರೆ ಪರವಾಗಿಲ್ಲ. ಬಕೆಟ್ಟನ್ನು ಒಂದು ಗೇಣು ಎತ್ತಿ ಬಿಟ್ಟೆ ನೋಡಿ, ಮೂರಕ್ಕೆ ಮೂರೂ ಹೋದವು. ಲೈಟರ್ ಬೆಂಕಿಯಲ್ಲಿ ಬಾಲ ಸುಟ್ಟು ಉಂಡೆ ಮಾಡುವುದನ್ನೂ ನೋಡಿದೆ. ಬೆಂಕಿ ಗಂಟಿಗೆ ತಾಗದ ಹಾಗೆ ಮಾಡುವುದು ಗಾಳಿಯಲ್ಲಿ ಆಗದ ಕೆಲಸ.

ಬ್ರೇಡಿಗೆ (ರೀಲಿನಲ್ಲಿರುವ ಹೆಣೆದ ಮೂಲ ದಾರ) ಲೀಡರ್ ಸೇರಿಸುವ ಜಾಗಕ್ಕೆ ಎಫ್‌ಜಿ ಗಂಟು ಬಿಟ್ಟು ಬೇರೆ ಮಾತಿಲ್ಲ. ಡಬಲ್ ಯೂನಿ ದಪ್ಪ, ರಾಡಿನ ರಿಂಗಿಗೆ ಟಕ್ ಟಕ್ ಅಂತ ಹೊಡೆಯುತ್ತದೆ. ಎಫ್‌ಜಿಗೆ ನಾನು 20 ಸುತ್ತು ಹಾಕುತ್ತೇನೆ. ಮೊದಮೊದಲು ಮೀನಿನ ಜೊತೆ ಲೀಡರ್ ಪೂರ್ತಿ ಕಳಚಿ ಹೋದದ್ದೂ ಉಂಟು. ಕಾರಣ, ಎಳೆದು ಕೂರಿಸಿದ್ದು ಸಾಲದು. ಕೈಗೆ ಬಟ್ಟೆ ಸುತ್ತಿ ಜೋರಾಗಿ ಎಳೆದಾಗ ಬ್ರೇಡಿನ ಬಣ್ಣ ಗಾಢವಾಗಬೇಕು. ಬಣ್ಣ ಬದಲಾಗಲಿಲ್ಲ ಅಂದರೆ ಕಚ್ಚಿಕೊಂಡಿಲ್ಲ ಅಂತಲೇ ಅರ್ಥ. ಈಗ ಅಲ್ಲಾಡುವ ದೋಣಿಯಲ್ಲಿ ಎರಡೂವರೆ ಮೂರು ನಿಮಿಷದಲ್ಲಿ ಕಟ್ಟುತ್ತೇನೆ. ನಮ್ಮ ಗುಂಪಿನಲ್ಲಿ ಇಷ್ಟು ಬೇಗ ಕಟ್ಟುವವರು ಬೇರೆ ಯಾರಿಲ್ಲ.

ಈ ಸೀಸನ್ನಿನಲ್ಲಿ ಇಲ್ಲಿಯವರೆಗೆ ಹೋದದ್ದು ಮೂರು ಲೂರ್, ಮೂರೂ ಕಲ್ಲಿಗೆ. ಗಂಟಿನಲ್ಲಿ ಒಂದೂ ಇಲ್ಲ. ಡಿಸೆಂಬರಿನಲ್ಲಿ ಒಂದು ಸಂಜೆ, ಇಳಿತ ಶುರುವಾದ ಹೊತ್ತು, ಎರಡನೇ ಕಂಬದ ಬುಡದಲ್ಲಿ ಕೆಂಬೇರಿ ಹೊಡೆಯಿತು. ಕಂಬದೊಳಗೆ ಒಂದು ಸಲ ನುಗ್ಗಿತು, ದಾರ ಸಿಂಪಿಗೆ ಉಜ್ಜುವುದು ರಾಡಿನ ಹಿಡಿಯಲ್ಲೇ ಗೊತ್ತಾಗುತ್ತಿತ್ತು. ನಾನು ರೀಲಿನಿಂದ ಒಂದು ಸುತ್ತೂ ಬಿಟ್ಟುಕೊಡಲಿಲ್ಲ. ದೋಣಿಯವರೇ ಬಲೆ ಹಾಕಿ ಎತ್ತಿದರು. ನಾಲ್ಕು ಕಿಲೋದ ಮೇಲಿತ್ತು. ಅವರು ಮೀನು ನೋಡುವ ಮೊದಲು ಲೂರಿನ ಕಣ್ಣು ಹಿಡಿದು ಗಂಟು ನೋಡಿದರು. "ಇದ್ ಎಷ್ಟ್ ಸುತ್ತ್ ಮೇಷ್ಟ್ರೆ?" ಅಂದರು. "ನಾಲ್ಕು" ಅಂದೆ. ಅವರು ಮತ್ತೊಮ್ಮೆ ಎಣಿಸಿದರು.

ಆ ಗಂಟನ್ನು ನಾನು ಕತ್ತರಿಸಲಿಲ್ಲ. ಒಂದು ಮಾರು ಲೀಡರ್ ಸಮೇತ ಮನೆಗೆ ತಂದು, ರಾತ್ರಿಯೇ ಪೈಪಿಗೆ ಸುತ್ತಿ ಬಕೆಟ್ ತೂಗಿಬಿಟ್ಟೆ. ಏಳನೇ ಮಗ್ಗಿಗೆ ಹೋಯಿತು. ಗೋಣಿಯ ಮೇಲೆ ಬಿದ್ದ ಲೂರ್ ಎತ್ತಿ ನೋಡಿದರೆ ಗಂಟು ಹಾಗೇ ಇತ್ತು. ತುಂಡಾದದ್ದು ಅದರಿಂದ ಒಂದು ಗೇಣು ಮೇಲೆ, ಸಿಂಪಿ ತರಚಿದ ಜಾಗದಲ್ಲಿ.