ನಾಟಕದ ಡಿವಿಡಿಯಿಂದ ಅಪ್ಪನ ಎಂಪಿ3 ಪ್ಲೇಯರ್‌ಗೆ

ಮಂಡ್ಯ ಕಡೆ ಊರಲ್ಲಿ ಪೌರಾಣಿಕ ನಾಟಕ ಆಡಿದರೆ ವಿಡಿಯೋ ಮಾಡಿಸಿ ಡಿವಿಡಿ ಇಟ್ಟುಕೊಳ್ಳುವವರು ಜಾಸ್ತಿ. ನಮ್ಮೂರ ನಾಟಕದ್ದೂ ಮನೆಯಲ್ಲಿತ್ತು. ಅಪ್ಪನಿಗೆ ಕಬ್ಬಿಗೆ ನೀರು ಕಟ್ಟುವಾಗ ಅದರ ಹಾಡುಗಳು ಬೇಕು. ನೋಡೋದಕ್ಕಲ್ಲ, ಕೇಳೋದಕ್ಕೆ. ಅವರ ಹತ್ತಿರ ಇರುವುದು ಮೆಮೊರಿ ಕಾರ್ಡ್ ಹಾಕುವ ಚಿಕ್ಕ ಎಂಪಿ3 ಪ್ಲೇಯರ್.

ಲ್ಯಾಪ್‌ಟಾಪಿನಲ್ಲಿ ಡಿವಿಡಿ ಡ್ರೈವ್ ಇಲ್ಲದ ಕಾರಣ ಯುಎಸ್‌ಬಿ ಡ್ರೈವ್ ಹಾಕಿಕೊಂಡೆ. ಮೊದಲು ಡಿಸ್ಕಿನ ‘ವಿಡಿಯೋ ಟಿಎಸ್’ ಫೋಲ್ಡರನ್ನು ಪೂರ್ತಿ ಕಾಪಿ ಮಾಡಿಕೊಂಡೆ. ಗೀರು ಬಿದ್ದ ಡಿಸ್ಕನ್ನು ಪದೇ ಪದೇ ಓಡಿಸಬಾರದು. ಸಿನಿಮಾ ಡಿಸ್ಕಿಗಿರುವ, ಕಾಪಿ ತಡೆಯುವ ಲಾಕ್ ಇದಕ್ಕಿರಲಿಲ್ಲ.

ಆ ಫೋಲ್ಡರಿನಲ್ಲಿ ನಾಟಕದ ಚಿತ್ರ, ಧ್ವನಿ ಇರುವ ವಿಒಬಿ ಫೈಲುಗಳು ಒಂದೊಂದೂ 1 ಜಿಬಿ ಮೀರುವುದಿಲ್ಲ. ಅಷ್ಟು ತುಂಬಿದ ತಕ್ಷಣ ಮುಂದಿನ ಫೈಲು ಶುರು. ಭೀಮ ಆಲಾಪ ತೆಗೆಯುತ್ತಿದ್ದರೂ ಅದಕ್ಕೇನು, ಅಲ್ವಾ? ಹಾಗಾಗಿ ಒಂದೊಂದೇ ಫೈಲು ಹಿಡಿಯದೆ, ವಿಡಿಯೋ ನೋಡುವ ಸಾಫ್ಟ್‌ವೇರ್ ಆದ ವಿಎಲ್‌ಸಿಯ ‘ಕನ್ವರ್ಟ್’ನಲ್ಲಿ ‘ಡಿಸ್ಕ್’ ಆರಿಸಿ ಇಡೀ ಫೋಲ್ಡರನ್ನೇ ತೋರಿಸಿದೆ. ಪ್ರೊಫೈಲ್ ‘ಆಡಿಯೋ ಸಿಡಿ’. ಬರುವುದು ಧ್ವನಿಯನ್ನು ಕುಗ್ಗಿಸದ ವೇವ್ ಫೈಲು, ಗಂಟೆಗೆ ಸುಮಾರು 635 ಎಂಬಿ. ದೊಡ್ಡದೇ. ಆದರೆ ಡಿವಿಡಿಯ ಧ್ವನಿ ಸಾಮಾನ್ಯವಾಗಿ ಮೊದಲೇ ಕುಗ್ಗಿಸಿದ್ದು. ನಡುವೆ ಇನ್ನೊಮ್ಮೆ ಕುಗ್ಗಿಸುವುದು ಬೇಡ ಅಂತ ಎಂಪಿ3 ಮಾಡುವುದನ್ನು ಕೊನೆಗಿಟ್ಟೆ.

ನಿಜವಾದ ಕೆಲಸ ಕತ್ತರಿಸುವುದು. ಧ್ವನಿ ಎಡಿಟ್ ಮಾಡುವ ಆಡಾಸಿಟಿ ಸಾಫ್ಟ್‌ವೇರಿನಲ್ಲಿ ಧ್ವನಿ ಅಲೆಯ ಚಿತ್ರ ನೋಡಿ ಹಾಡು ಎಲ್ಲಿದೆ ಅಂತ ಹೇಳುವುದು ಕಷ್ಟ. ಚಪ್ಪಾಳೆಯೂ ಎತ್ತರ, ಶಿಳ್ಳೆಯೂ ಎತ್ತರ. ಕೇಳಿಕೊಂಡೇ ಪ್ರತಿ ಹಾಡಿನ ಜಾಗಕ್ಕೆ ಗುರುತು, ಅಂದರೆ ಲೇಬಲ್ ಹಾಕಬೇಕು. ಹಾರ್ಮೋನಿಯಂ ಮೇಷ್ಟ್ರು ಮಟ್ಟು ಹಿಡಿದ ಕಡೆಯಿಂದಲೇ ಶುರು ಮಾಡಿದೆ. ಹಾಡಿಗೆ ಅದು ಬಾಗಿಲಿದ್ದ ಹಾಗೆ. ದುಡ್ಡು ಕೊಟ್ಟವರ ಹೆಸರು ಮೈಕಿನಲ್ಲಿ ಕೂಗಿದ್ದನ್ನೆಲ್ಲ ತೆಗೆದೆ. ‘ಒನ್ಸ್ ಮೋರ್’ ಕೂಗಿದ್ದನ್ನು ಮಾತ್ರ ಹಾಗೇ ಉಳಿಸಿಕೊಂಡೆ, ಅದಿಲ್ಲದೆ ನಾಟಕ ಏನು ಚೆಂದ! ಆಮೇಲೆ ಲೇಬಲ್ ಲೆಕ್ಕದಲ್ಲಿ ಎಲ್ಲವನ್ನೂ ಒಟ್ಟಿಗೆ ಎಂಪಿ3 ಆಗಿ ಎಕ್ಸ್‌ಪೋರ್ಟ್ ಮಾಡಿದೆ.

ಪ್ಲೇಯರಿಗಿರುವುದು ಒಂದೇ ಸ್ಪೀಕರ್. ಅದಕ್ಕೆ 64 ಕೆಬಿಪಿಎಸ್ (ಸೆಕೆಂಡಿಗೆ 64 ಕಿಲೋಬಿಟ್) ಮೋನೋ, ಅಂದರೆ ಒಂದೇ ಚಾನೆಲ್ಲಿನ ಧ್ವನಿ ಸಾಕು, ಗಂಟೆಗೆ 29 ಎಂಬಿ ಕೂಡ ಆಗುವುದಿಲ್ಲ. ಇಡೀ ರಾತ್ರಿಯ ನಾಟಕ ಹಾಕಿದರೂ ಕಾರ್ಡಿಗೆ ಲೆಕ್ಕಕ್ಕಿಲ್ಲ.

ಪರದೆಯಲ್ಲಿ ಕನ್ನಡ ಅಕ್ಷರ ಬರೀ ಚೌಕವಾಗಿ ಕಾಣುತ್ತಿತ್ತು. ಫೈಲಿಗೆ ಸುಮ್ನೆ 01, 02 ಅಂತ ಹೆಸರಿಟ್ಟೆ. ಅಗ್ಗದ ಪ್ಲೇಯರ್‌ಗಳಲ್ಲಿ ಎಷ್ಟೋ ಹೆಸರಿನ ಕ್ರಮ ನೋಡುವುದಿಲ್ಲ, ಕಾರ್ಡಿಗೆ ಕಾಪಿಯಾದ ಕ್ರಮದಲ್ಲೇ ಹಾಡುತ್ತವೆ. ಇದೂ ಅಂಥದ್ದೇ. ಖಾಲಿ ಕಾರ್ಡಿಗೆ ಒಂದಾದ ಮೇಲೊಂದರಂತೆ ಕಾಪಿ ಮಾಡಿದರೆ ಯುದ್ಧ ಮುಗಿದ ಮೇಲೆ ಸಂಧಾನ ಬರುವ ತಾಪತ್ರಯ ಇರುವುದಿಲ್ಲ.