ಕ್ಷೌರದ ಕತ್ತಿಯನ್ನು ಮಸೆಯುವ ಕ್ರಮ

ಕಲಬುರಗಿ ಸೀಮೆಯ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ದೊರೆಯುವ ಮಡಚುವ ಕ್ಷೌರದ ಕತ್ತಿಯ ಅಂಚನ್ನು ತುಕ್ಕು ತಿಂದಿರದಿದ್ದರೆ, ಅದನ್ನು ಮತ್ತೆ ಬಳಕೆಗೆ ತರಬಹುದು. ಅಂಗಳಕ್ಕೆ ಹಾಸಿದ ಶಹಾಬಾದ್ ಕಲ್ಲು ಈ ಕೆಲಸಕ್ಕೆ ಒದಗದು. ಎಷ್ಟೇ ನುಣುಪಾಗಿದ್ದರೂ ಅದು ಸುಣ್ಣಕಲ್ಲು, ಹದಗೊಳಿಸಿದ ಉಕ್ಕಿಗಿಂತ ಬಹಳ ಮೆದು. 1000, 4000 ಮತ್ತು 8000 ಗ್ರಿಟ್‌ನ (ಗ್ರಿಟ್ ಎಂದರೆ ಕಲ್ಲಿನ ಕಣಗಳ ನಯದ ಅಳತೆ; ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನುಣುಪು) ಸಾಣೆಕಲ್ಲುಗಳನ್ನೇ ತರಬೇಕು. ಕಲ್ಲು ಸಮತಟ್ಟಾಗಿರಬೇಕಾದ್ದರಿಂದ, ಅದರ ಮೇಲೆ ಪೆನ್ಸಿಲಿನಿಂದ ಗೆರೆಗಳನ್ನೆಳೆದು, ಗಾಜಿನ ಮೇಲೆ ಹಾಸಿದ ಒದ್ದೆ ಮರಳುಕಾಗದಕ್ಕೆ ಎಲ್ಲ ಗೆರೆಗಳೂ ಅಳಿಸುವವರೆಗೆ ಉಜ್ಜಬೇಕು.

ಮಸೆಯುವಾಗ ಕತ್ತಿಯ ಬೆನ್ನು ಮತ್ತು ಬಾಯಿ ಎರಡೂ ಒದ್ದೆಯಾದ ಕಲ್ಲಿಗೆ ತಾಗಿಯೇ ಇರಬೇಕು. ಮಸೆಯುವ ಕೋನವನ್ನು ಬೆನ್ನಿನ ದಪ್ಪವೇ ನಿರ್ಧರಿಸುವುದರಿಂದ, ಬೆನ್ನನ್ನು ಎತ್ತಿದರೆ ಕೋನ ಕೆಡುತ್ತದೆ. ಬಾಯಿಯನ್ನು ಮುಂದಿಟ್ಟು, ಹಿಡಿಯ ಬದಿಯಿಂದ ತುದಿಯವರೆಗೆ ಇಡೀ ಅಂಚು ಕಲ್ಲನ್ನು ಸವರುವಂತೆ ಓರೆಯಾಗಿ ನೂಕಿ, ಕೊನೆಯಲ್ಲಿ ಬೆನ್ನಿನ ಮೇಲೆಯೇ ಹೊರಳಿಸಿ ಮರಳಿ ತರಬೇಕು. ಕೈಯ ಭಾರ ಹಾಕಿದರೆ ತೆಳು ಅಂಚು ಬಾಗುತ್ತದೆ. ಕತ್ತಿಯ ತೂಕಕ್ಕಿಂತ ತುಸು ಹೆಚ್ಚಿನ ಒತ್ತಡವೇ ಸಾಕು. ದೀಪದ ಕೆಳಗೆ ಹಿಡಿದಾಗ ಬಾಯಿಯ ಗೆರೆಯಲ್ಲಿ ಎಲ್ಲಿಯೂ ಮಿಂಚು ಕಾಣದೆ, ಮುಂಗೈಯ ಕೂದಲು ಅಂಚಿನ ಉದ್ದಕ್ಕೂ ಸಮನಾಗಿ ಕತ್ತರಿಸುವವರೆಗೆ 1000 ಗ್ರಿಟ್ ಬಿಟ್ಟು ಮುಂದೆ ಹೋಗಬಾರದು. ಅವಸರ ಮಾಡುವವರು ಎಡವುವುದು ಇಲ್ಲಿಯೇ ಎಂಬುದು ನನ್ನ ದೃಢ ಅಭಿಪ್ರಾಯ, ಏಕೆಂದರೆ ನುಣುಪು ಕಲ್ಲುಗಳು ಅಂಚನ್ನು ಹೊಳಪಿಸುತ್ತವೆಯೇ ಹೊರತು, ಆಗದಿರುವ ಅಂಚನ್ನು ಹುಟ್ಟಿಸುವುದಿಲ್ಲ.

ಬಳಿಕ ಚರ್ಮದ ಪಟ್ಟಿ. ಇಲ್ಲಿ ದಿಕ್ಕು ತಿರುಗುಮುರುಗು: ಬೆನ್ನು ಮುಂದೆ, ಬಾಯಿ ಹಿಂದೆ. ಪಟ್ಟಿಯನ್ನು ಬಿಗಿಯಾಗಿ ಎಳೆದು ಹಿಡಿಯಬೇಕು. ಸಡಿಲಾದರೆ ಅಂಚು ದುಂಡಾಗುತ್ತದೆ. ಪ್ರತಿ ಕ್ಷೌರಕ್ಕೂ ಮೊದಲು ನಲವತ್ತು ಐವತ್ತು ಬಾರಿ ಹೀಗೆ ಸವರಿದರೆ, ಕಲ್ಲಿನ ಅಗತ್ಯ ತಿಂಗಳುಗಟ್ಟಲೆ ಬೀಳದು.

ಕ್ಷೌರ ಮುಗಿದ ಕೂಡಲೇ ಅಲಗನ್ನು ತೊಳೆದು, ಹತ್ತಿಯ ಬಟ್ಟೆಯಿಂದ ಬೆನ್ನಿನಿಂದ ಬಾಯಿಯ ಕಡೆಗೆ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಮಡಚಬೇಕು. ನಮ್ಮ ಕೊಳವೆಬಾವಿಯ ಗಡಸು ನೀರು ಹಾಗೆಯೇ ಆರಿದರೆ ಉಕ್ಕಿನ ಮೇಲೆ ಬಿಳಿ ಕಲೆ ಉಳಿಯುತ್ತದೆ. ಮಳೆಗಾಲದಲ್ಲಿ ಎಣ್ಣೆ ಸವರಿಡುವುದು ಒಳಿತಾದರೂ, ಅಡುಗೆಮನೆಯ ಕುಸುಬಿ ಎಣ್ಣೆ ಬೇಡ; ಅದು ಗಾಳಿಗೆ ಒಣಗಿ ಅಂಟಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸಾಕು. ರಕ್ತದಿಂದ ಹರಡುವ ರೋಗಗಳ ಭಯವಿರುವುದರಿಂದ ಒಬ್ಬರ ಕತ್ತಿಯನ್ನು ಮನೆಯವರೇ ಆದರೂ ಮತ್ತೊಬ್ಬರು ಬಳಸಬಾರದು.