ವ್ಯಾನಿನ ಚಾವಣಿಗೆ ಎರಡನೇ ಡಿಶ್ ಕೇಬಲ್

ಕ್ಯಾಂಪರ್ ವ್ಯಾನಿನಲ್ಲಿ ಎರಡನೇ ಟಿವಿ ಇಡುವವರಿಗೆ ಒಂದು ಮಾತು. ಸುಮ್ನೆ ಇನ್ನೊಂದು ತೂತು ಕೊರೆಯಬೇಡಿ. ಹಳೇ ಕೇಬಲ್ ಇಳಿದಿರುವ ಮುಚ್ಚಳ ಬಿಚ್ಚಿ, ಅದರ ಪಕ್ಕದಲ್ಲೇ ಜಾಗ ಇದೆಯಾ ನೋಡಿ.

ಕೊರೆಯಲೇಬೇಕಾದರೆ, ಮೊದಲು ಒಳಗೆ ಲೈಟಿನ ವೈರ್ ಎಲ್ಲಿದೆ ಅಂತ ಪತ್ತೆ ಮಾಡಿ. ತಗಡಿನ ಅಂಚು ಕೇಬಲ್ಲನ್ನು ಕೊಯ್ಯುತ್ತದೆ, ರಬ್ಬರ್ ಬುಷ್ ಹಾಕಿ. ತೂತಿನ ಸುತ್ತ ನೀರು ಇಳಿಯದಂತೆ ಮೆತ್ತುವ ಸೀಲಂಟ್ ಪಾಲಿಯುರೆಥೇನ್ ಆಗಿರಲಿ. ನಾನು ಅಗ್ಗದ್ದು ಮೆತ್ತಿದ್ದೆ. ನಮ್ಮ ಬಳ್ಳಾರಿ ಬಿಸಿಲು ಗೊತ್ತಲ್ಲ, ಬಿರುಕು ಬಿಟ್ಟಿತು. ಆನೆಗೊಂದಿಗೆ ಹೋದಾಗ ಒಂದೇ ಮಳೆಗೆ ಹಾಸಿಗೆಯೆಲ್ಲ ತೊಯ್ದಿತು! ಮುಚ್ಚಳದ ಬಾಯಿ ವ್ಯಾನಿನ ಹಿಂಭಾಗಕ್ಕಿರಲಿ.

ಎರಡು ಸೆಟ್‌ಟಾಪ್ ಬಾಕ್ಸಿಗೆ ಒಂದು ಕೇಬಲ್ಲನ್ನು ಎರಡಾಗಿ ಕವಲು ಮಾಡುವ ಸಾದಾ ಸ್ಪ್ಲಿಟರ್ ಸಾಲದು. ಬಾಕ್ಸ್ 13 ಇಲ್ಲವೇ 18 ವೋಲ್ಟ್ ಕಳಿಸಿ ಎಲ್‌ಎನ್‌ಬಿಗೆ, ಅಂದರೆ ಡಿಶ್ ಮುಂದೆ ಸಿಗ್ನಲ್ ಹಿಡಿಯುವ ಡಬ್ಬಿಗೆ, ಅಪ್ಪಣೆ ಕೊಡುತ್ತದೆ. ಇಬ್ಬರು ಯಜಮಾನರಾದರೆ ಚಾನೆಲ್ ಮಾಯ. ಎರಡು ಔಟ್‌ಪುಟ್ ಇರುವ ಎಲ್‌ಎನ್‌ಬಿ, ಜೊತೆಗೆ ಆರ್‌ಜಿ-6 ಅನ್ನುವ ಡಿಶ್ ಕೇಬಲ್ ತನ್ನಿ.